ಮಂಜಿನ ದಿನ ತಪ್ಪುವ ಮುಳ್ಳು

ಒಂದು ಕಿಲೋಮೀಟರ್ ಅಗಲದ ನೀರನ್ನು ದಿನಕ್ಕೆ ಹದಿನಾಲ್ಕು ಸಲ ದಾಟುವ ಮರದ ಲಾಂಚು ಅದು. ಇಪ್ಪತ್ತಾರು ವರ್ಷದಿಂದ ಅಪ್ಪನೇ ಅದರ ಚಾಲಕ. ಈ ತಿಂಗಳು ಮಂಜು ಕವಿದ ಎರಡು ದಿನವೂ ಲಾಂಚು ಇಳಿಯುವ ಕಟ್ಟೆ ತಪ್ಪಿ, ಇನ್ನೂರು ಮೀಟರ್ ಆಚೆಯ ಕೆಸರಿನಲ್ಲಿ ಹೋಗಿ ಕೂತಿತ್ತು. ದಿಕ್ಸೂಚಿ ತೋರಿಸಿದಂತೆಯೇ ನಡೆಸಿದ್ದೇನೆ ಎಂದು ಅಪ್ಪ ವಾದಿಸಿದ. ಮೆಕ್ಯಾನಿಕ್ ಒಂದು ಬಿಸಿಲಿನ ದಿನ ಬಂದು ನೋಡಿದ. ದಿಕ್ಸೂಚಿ ಸರಿಯಾಗಿಯೇ ಇತ್ತು.

"ಕುಣಿಯೋಕೆ ಬರದವನು ನೆಲ ಡೊಂಕು ಅಂದನಂತೆ," ಎಂದ ಮಾಲೀಕ. ಅಪ್ಪನಿಗೆ ದಿಕ್ಸೂಚಿಯ ಅಂಕಿಗಳು ಕಾಣುತ್ತಿಲ್ಲ ಎಂಬುದು ಅವನ ತೀರ್ಮಾನ. ಸೋಮವಾರದಿಂದ ಚುಕ್ಕಾಣಿ ಬೇರೆಯವರಿಗೆ. ಅಪ್ಪ ಟಿಕೆಟ್ ಹರಿಯಬೇಕು.

ಮಗಳು ಎಲೆಕ್ಟ್ರಿಷಿಯನ್. ಲಾಂಚಿನ ವೈರಿಂಗ್ ಅವಳದೇ. ಭಾನುವಾರ ಬೆಳಿಗ್ಗೆ ಕ್ಯಾಬಿನ್ನಿನಲ್ಲಿ ಕೂತು, ಮಂಜಿನ ದಿನ ಅಪ್ಪ ಏನೇನು ಮಾಡುತ್ತಾನೋ ಎಲ್ಲವನ್ನೂ ಒಂದೊಂದಾಗಿ ಮಾಡಿಸಿದಳು. ಅಪ್ಪ ಎಂಜಿನ್ ನಿಧಾನಿಸಿದ, ಹಾರ್ನ್ ಒತ್ತಿದ, ಗಾಜಿಗೆ ಕಟ್ಟುವ ಹಬೆ ಆರಲೆಂದು ಫ್ಯಾನ್ ಹಾಕಿದ.

ಫ್ಯಾನ್ ತಿರುಗಿತು. ದಿಕ್ಸೂಚಿಯ ಮುಳ್ಳೂ ಹನ್ನೆರಡು ಡಿಗ್ರಿ ತಿರುಗಿತು. ಆರಿಸಿದರೆ ಮತ್ತೆ ಮೊದಲಿನ ಜಾಗಕ್ಕೆ ಬಂತು. ಬಿಸಿಲಿನ ದಿನ ಮೆಕ್ಯಾನಿಕ್ ಫ್ಯಾನ್ ಮುಟ್ಟಿರಲೇ ಇಲ್ಲ.

ಹೋದ ತಿಂಗಳು ಆ ಫ್ಯಾನ್ ಕೂರಿಸಿದ್ದು ಮಗಳೇ. ನೋಡಲು ಅಚ್ಚುಕಟ್ಟಾಗಿರಲೆಂದು ಅದರ ಒಂದು ತಂತಿಯನ್ನು ದಿಕ್ಸೂಚಿಯ ಎಡಗಡೆಯ ಕಂಬದ ಮೇಲೆ, ಇನ್ನೊಂದನ್ನು ಬಲಗಡೆಯ ಕಂಬದ ಮೇಲೆ ಎಳೆದಿದ್ದಳು. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಏಳುತ್ತದೆ. ಒಂದರಲ್ಲಿ ಮೇಲಕ್ಕೂ ಇನ್ನೊಂದರಲ್ಲಿ ಕೆಳಕ್ಕೂ ಹರಿದರೆ, ನಡುವೆ ಎರಡರ ಬಲವೂ ಕೂಡಿಕೊಳ್ಳುತ್ತದೆ. ನಡುವೆ ಇದ್ದದ್ದು ದಿಕ್ಸೂಚಿ. ಅದೇ ತಂತಿಗಳನ್ನು ಒಟ್ಟಿಗೆ ಹೊಸೆದಿದ್ದರೆ ಒಂದರ ಬಲವನ್ನು ಇನ್ನೊಂದು ಅಳಿಸುತ್ತಿತ್ತು. ಅವಳು ಪರೀಕ್ಷೆಗೆ ಓದಿ ಪಾಸಾದ ಪಾಠವದು.

ಅಪ್ಪ ಕ್ಯಾಬಿನ್ನಿನ ಬಾಗಿಲು ಮುಚ್ಚಿದ. "ಹೊಸೆದುಬಿಡು. ಯಾರಿಗೂ ಹೇಳ್ಬೇಡ. ಮಾಲೀಕನ ಹತ್ರ ಇನ್ನೂ ಮೂರು ಲಾಂಚಿನ ಕೆಲಸ ಇದೆ ನಿಂಗೆ."

"ಮುಳ್ಳು ಸರಿಹೋಗುತ್ತೆ. ನಿನ್ನ ಕಣ್ಣಿನ ಮೇಲೆ ಬಂದ ಮಾತು ಹೋಗುತ್ತಾ ಅಪ್ಪಾ?"

ತಂತಿ ಮುಟ್ಟದೆ ಅವಳು ಮಾಲೀಕನನ್ನು ಕರೆತಂದಳು. ಸ್ವಿಚ್ಚನ್ನು ಅವನೇ ನಾಲ್ಕು ಸಲ ಹಾಕಿ ಆರಿಸಿ ನೋಡಿದ. ನಂತರ ಅವನೆದುರೇ ತಂತಿಗಳನ್ನು ಬಿಚ್ಚಿ, ಹೊಸೆದು, ದಿಕ್ಸೂಚಿಯಿಂದ ದೂರ ಒಯ್ದಳು. ಫ್ಯಾನ್ ತಿರುಗಿತು, ಮುಳ್ಳು ಅಲ್ಲಾಡಲಿಲ್ಲ.

ಮಾಲೀಕ ಅಪ್ಪನಿಗೆ, ನಾಳೆ ಮೊದಲ ಟ್ರಿಪ್ಪಿಗೆ ನೀವೇ ಚುಕ್ಕಾಣಿಗೆ ಬನ್ನಿ ಎಂದ. ಉಳಿದ ಮೂರು ಲಾಂಚುಗಳ ಕೆಲಸ ಬೇರೆಯವರಿಗೆ ಕೊಡುವುದಾಗಿ ಮಗಳಿಗೆ ಹೇಳಿ ಇಳಿದು ಹೋದ.

ಅವಳು ಸ್ಕ್ರೂಡ್ರೈವರುಗಳನ್ನು ಎತ್ತಿಡುತ್ತಿದ್ದಳು. ಅಪ್ಪ ಚುಕ್ಕಾಣಿ ಹಿಡಿದು, ಗೋಡೆಯ ಮೇಲೆ ಸೊಟ್ಟಗೆ ಏರಿದ ಹೊಸೆದ ತಂತಿಯನ್ನು ನೋಡಿದ.

"ಮೊದಲಿನದೇ ನೋಡೋಕೆ ಚೆನ್ನಾಗಿತ್ತು," ಎಂದ.