ದೀಪದ ಹುಡುಗಿಯ ಬೊಟ್ಟು

ಮಣಿಪಾಲದ ಥಿಯೇಟರೊಂದರ ಪಾರ್ಕಿಂಗ್‌ನಲ್ಲಿ, ಭಾನುವಾರ ಸಂಜೆ, ನಾಲ್ಕು ಜನ ಸೇರಿ ಸಾಬಿತನ ಬಲಗೈಯ ಮಣಿಕಟ್ಟನ್ನು ಹೆಲ್ಮೆಟ್ಟಿನಿಂದ ಜಜ್ಜಿ ಮುರಿದರು.

ಸಾಬಿತ್ ಶಾರ್ಜಾದ ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವವನು. ರಜೆಯಲ್ಲಿ ಕಾಪುವಿಗೆ ಬಂದು ಜುವೈರಿಯಾಳನ್ನು ಮದುವೆಯಾಗಿದ್ದ. ನಿಕಾಹಿನ ಚಪ್ಪರದ ಕಂಬ ಕಿತ್ತ ಗುಂಡಿಗಳು ಅಂಗಳದಲ್ಲಿ ಇನ್ನೂ ಮುಚ್ಚಿರಲಿಲ್ಲ. ಅವಳು ಬನ್ನಂಜೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜಪಾನಿನ ಅನಿಮೆ ಅಂದರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ. ಅವನಿಗೋ ಅದರ ಗಂಧಗಾಳಿ ಗೊತ್ತಿರಲಿಲ್ಲ.

"ಕಾರ್ಟೂನ್ ಅಲ್ವಾ ಅದು? ಅದಕ್ಕೆ ಮಣಿಪಾಲಕ್ಕೆ ಹೋಗಬೇಕಾ?"

"ನೀವು ಒಮ್ಮೆ ಬನ್ನಿ. ಆಮೇಲೆ ಮಾತಾಡಿ."

ಇಂಥ ಸಿನಿಮಾ ಬಂದಾಗ ಹುಚ್ಚು ಹಿಡಿದವರು ನಾಯಕಿಯ ಹಾಗೆಯೇ ವೇಷ ಹಾಕಿ ಹೋಗುವುದುಂಟು. ಈ ಸಿನಿಮಾದ ನಾಯಕಿಗೆ ಹಳದಿ ಕೋಟು, ಹಣೆಯಲ್ಲಿ ಕೆಂಪು ಬೊಟ್ಟು. ಕೋಟಿಗೆ ಬೈಕಿನ ರೈನ್‌ಕೋಟೇ ಸಾಕಾಯಿತು. ಅದರ ಟೋಪಿಯನ್ನು ತಲೆಗೆ ಎಳೆದುಕೊಂಡರೆ ತಲೆಗೆ ಹೊದೆಯುವ ಶಾಲಿನ ಕೆಲಸವೂ ಆಯಿತು. ಬೊಟ್ಟಿಗೆ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಕಾವ್ಯ ತನ್ನ ಲಿಪ್‌ಸ್ಟಿಕ್ ಕೊಟ್ಟಿದ್ದಳು. "ಉರುಟಾಗಿ ಇಡು ಮಾರಾಯ್ತಿ, ಮೆತ್ತಿ ಪತ್ರೊಡೆ ಮಾಡಬೇಡ," ಎಂದು ನಕ್ಕಿದ್ದಳು. ಥಿಯೇಟರಿನ ಕನ್ನಡಿಯ ಮುಂದೆ ನಿಂತು ಜುವೈರಿಯಾ ಅದನ್ನು ದುಂಡಗೆ, ಉರುಟಾಗಿಯೇ ಇಟ್ಟುಕೊಂಡಳು. ಒಳಗೆ ಅರ್ಧಕ್ಕರ್ಧ ಕಾಲೇಜು ಹುಡುಗ ಹುಡುಗಿಯರ ಹಣೆಯಲ್ಲಿ ಅದೇ ಬೊಟ್ಟು.

ದ್ವೀಪವೊಂದರ ದೀಪಸ್ತಂಭದಲ್ಲಿ ಒಬ್ಬಳೇ ಇರುವ ಹುಡುಗಿಯ ಕಥೆ. ದೀಪ ಹಚ್ಚಿದ ದಿನ ಅವಳ ಹಣೆಯಲ್ಲಿ ಬೊಟ್ಟು ಮೂಡುತ್ತದೆ. ಅದು ಅಪಶಕುನ, ತೊಳೆದುಕೋ ಎಂದು ಊರೆಲ್ಲ ಅವಳ ಬೆನ್ನು ಬೀಳುತ್ತದೆ.

ಮೊದಮೊದಲು ಸಾಬಿತ್ ತೆರೆಯ ಅಡಿಯಲ್ಲಿ ಓಡುವ ಅಕ್ಷರ ಓದುತ್ತ ಚಿತ್ರವನ್ನೇ ಕಳೆದುಕೊಂಡ. "ಅಕ್ಷರ ಬಿಡಿ, ಮುಖ ನೋಡಿ," ಎಂದು ಅವಳು ಪಿಸುಗುಟ್ಟಿದಳು. ಆಮೇಲೆ ತೆರೆಯ ತುಂಬ ಒಂದು ಅಲೆ ಎದ್ದಿತು.

"ಇದು ಪೂರಾ ಕೈಯಲ್ಲಿ ಬಿಡಿಸಿದ್ದಾ?"

"ಹ್ಞೂಂ. ಒಂದೊಂದೂ."

ಕತ್ತಲಲ್ಲಿ ಅವನ ಬಲಗೈ ಬೆರಳುಗಳು ಕುರ್ಚಿಯ ತೋಳಿನ ಮೇಲೆ, ಕ್ರೀಮಿನ ಚೀಲ ಹಿಂಡುವ ಹಾಗೆ, ಆ ಅಲೆಯನ್ನೇ ಬಿಡಿಸುತ್ತಿದ್ದವು. ಜುವೈರಿಯಾ ಸಿನಿಮಾ ಬಿಟ್ಟು ಆ ಕೈಯನ್ನೇ ನೋಡಿದಳು. ಈ ಮನುಷ್ಯನ ಜೊತೆ ಬಾಳಬಹುದು ಅನ್ನಿಸಿತು.

ಕೊನೆಯಲ್ಲಿ ಹುಡುಗಿ ಬೊಟ್ಟನ್ನು ಸಮುದ್ರದ ನೀರಿನಲ್ಲಿ ತೊಳೆದುಕೊಂಡಳು. ದೀಪ ಆರಿತು. ಊರವರು ಅವಳನ್ನು ಹೊತ್ತು ಕುಣಿದರು.

ಸಾಬಿತನಿಗೆ ಸಿಟ್ಟು ಬಂದುಬಿಟ್ಟಿತು. ಪಾರ್ಕಿಂಗ್‌ಗೆ ಬಂದರೂ ಅದು ಇಳಿಯಲಿಲ್ಲ. "ಎಂತ ಹುಡುಗಿ ಅದು? ಅಷ್ಟು ಗಟ್ಟಿ ನಿಂತು ಕೊನೆಗೆ ತೊಳೆದುಕೊಳ್ಳುವುದಾ?"

"ಅವಳಿಗೂ ಬದುಕಬೇಕಲ್ಲ! ಊರನ್ನು ಎದುರು ಹಾಕಿಕೊಂಡು ಎಲ್ಲಿ ಹೋಗ್ತಾಳೆ?"

"ದೀಪ ಆರಿಸಿ ಬದುಕುವುದಾ?"

ಬೊಟ್ಟಿಟ್ಟ ಹುಡುಗಿ, ಗಡ್ಡದ ಹುಡುಗ, ಗಟ್ಟಿ ಮಾತು. ಸಿಗರೇಟು ಸೇದುತ್ತಿದ್ದ ನಾಲ್ಕು ಜನರ ಕಿವಿ ನೆಟ್ಟಗಾಯಿತು. ಮುಂದೆ ಬಂದವನು ರೂಪೇಶ್. ಧರ್ಮದ ಕಾವಲು ತನ್ನ ಹೆಗಲಿಗೇ ಬಿದ್ದಿದೆ ಎಂದು ನಂಬಿಕೊಂಡವನು.

"ಹೆಸರೆಂತ ನಿಂದು?"

"ಸಾಬಿತ್."

"ಇವಳು?"

"ನನ್ನ ಹೆಂಡತಿ."

ನಾಲ್ವರೂ ನಕ್ಕರು. "ಸಿಕ್ಕಿಬಿದ್ದವರೆಲ್ಲ ಹೇಳುವುದು ಅದನ್ನೇ. ನಮಗೆ ಕಣ್ಣಿಲ್ವಾ?"

"ಅವರು ನನ್ನ ಗಂಡ, ಬಿಡಿ," ಎಂದು ಜುವೈರಿಯಾ ಅಡ್ಡ ಬಂದಳು.

"ನೀನು ಸುಮ್ಮನಿರು ತಂಗಿ. ನಾವು ಬಂದದ್ದೇ ನಿನಗೋಸ್ಕರ."

ಆ ತಂಗಿಯ ಹೆಸರು ಏನೆಂದು ಒಬ್ಬನೂ ಕೇಳಲಿಲ್ಲ. ಹಣೆ ನೋಡಿದ ಮೇಲೆ ಕೇಳುವುದೆಂತ? ಸಾಬಿತ್ ಮೊದಲ ಏಟಿಗೆ ಬಿದ್ದ. ತಲೆಗೆ ಕೈ ಅಡ್ಡ ಹಿಡಿದ. ಇಬ್ಬರು ಅವನನ್ನು ಅದುಮಿ ಹಿಡಿದರು, ಇನ್ನೊಬ್ಬ ಆ ಕೈಯನ್ನೇ ಎಳೆದು ಸಿಮೆಂಟಿನ ಮೇಲೆ ಮೆಟ್ಟಿ ನಿಂತ. ರೂಪೇಶ್ ಹೆಲ್ಮೆಟ್ ಎತ್ತಿದ. ಹಸಿ ಕೊಂಬೆ ಮುರಿದ ಹಾಗೆ ಸದ್ದಾಯಿತು. ಸುತ್ತ ಬೊಟ್ಟಿಟ್ಟ ಹುಡುಗ ಹುಡುಗಿಯರು ಮೊಬೈಲ್ ಎತ್ತಿ ಹಿಡಿದಿದ್ದರು.

"ಯಾ ಅಲ್ಲಾಹ್!" ಎಂದು ಜುವೈರಿಯಾ ಅರಚಿದಳು. ಆಮೇಲೆ ಕರಾವಳಿಯ ಮುಸ್ಲಿಮರ ಮನೆಮಾತಾದ ಬ್ಯಾರಿಯಲ್ಲಿ ಬಾಯಿಗೆ ಬಂದ ಬೈಗುಳವನ್ನೆಲ್ಲ ಅವರ ಮುಖಕ್ಕೆ ಎಸೆದಳು.

ಮತ್ತೆ ಎತ್ತಿದ ಹೆಲ್ಮೆಟ್ ಗಾಳಿಯಲ್ಲೇ ನಿಂತಿತು.

"ಓ... ನೀವೂ ಬ್ಯಾರಿಯಾ?" ರೂಪೇಶನ ದನಿ ತಟ್ಟನೆ ಮೆತ್ತಗಾಯಿತು. "ಛೆ! ಮೊದಲೇ ಹೇಳಬಾರದಾ ಮಾರ್ರೆ? ಸುಮ್ಮನೆ ಪೆಟ್ಟು ತಿಂದಿರಲ್ಲ."

ಒಬ್ಬ ಓಡಿಹೋಗಿ ಅವಳಿಗೆ ನೀರಿನ ಬಾಟಲಿ ತಂದುಕೊಟ್ಟ.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿ, ಬೆರಳು ಮೊದಲಿನ ಹಾಗೆ ಆಡುವ ಖಾತ್ರಿ ಇಲ್ಲ ಎಂದರು. ಅಲ್ಲಿಂದ ದೂರು ಕೊಡಲು ಠಾಣೆಗೆ ಬಂದರೆ, ರೂಪೇಶ್ ಆಗಲೇ ಬಂದು ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ. ಸಾಬಿತನ ಸೋದರಮಾವ ಅಶ್ರಫ್ ಕಾಪುವಿನ ತಮ್ಮ ಬಟ್ಟೆ ಅಂಗಡಿಗೆ ಬಾಗಿಲು ಹಾಕಿ ಬಂದು, ಎಸ್‌ಐ ಜೊತೆ ಚಹಾ ಮುಗಿಸಿದ್ದರು. ಕೇಸು ಬೇಡವೆಂಬ ಮಾತೂ ಮುಗಿದಿತ್ತು. ಇವರಿಗೆ ಹೇಳುವುದು ಮಾತ್ರ ಬಾಕಿ.

"ನೋಡಮ್ಮ," ಎಂದ ಎಸ್‌ಐ, "ಇದು ತಪ್ಪು ತಿಳುವಳಿಕೆಯಿಂದ ಆದದ್ದು. ನೀವು ಹಣೆಗೆ ಅದನ್ನು ಇಟ್ಟುಕೊಂಡರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?"

"ಹೌದಕ್ಕ, ಬೇಕೂಂತ ಮಾಡಿದ್ದಲ್ಲ," ಎಂದ ರೂಪೇಶ್. "ನಿಮ್ಮನಿಮ್ಮೊಳಗೆ ಆದರೆ ನಮಗೆಂತ? ಸಾರಿ ಅಕ್ಕ."

ಸಾಬಿತ್ ಬೆಂಚಿನ ಮೇಲೆ ಪ್ಲಾಸ್ಟರಿನಿಂದ ಹೊರಗೆ ಇಣುಕಿದ ತನ್ನ ಬೆರಳುಗಳನ್ನು ನೋಡುತ್ತ ಕೂತಿದ್ದ. ನೀಲಿಗಟ್ಟಿದ್ದವು.

ಜುವೈರಿಯಾ ರೂಪೇಶನತ್ತ ತಿರುಗಿದಳು. "ನನ್ನ ಜೊತೆ ಕೆಲಸ ಮಾಡುವ ಹುಡುಗಿ ಕಾವ್ಯ ಅಂತ. ಇವರ ಪಕ್ಕದಲ್ಲಿ ನನ್ನ ಬದಲು ಅವಳು ಇದ್ದಿದ್ದರೆ, ಈ ಕೈ ಮುರಿದದ್ದು ಸರಿಯಾ?"

ರೂಪೇಶ್ ಎಸ್‌ಐ ಮುಖ ನೋಡಿದ. ಎಸ್‌ಐ ಗೋಡೆ ನೋಡಿದ.

"ನಿನಗೆ ಯಾಕೆ ಊರಿನ ಉಸಾಬರಿ?" ಅಶ್ರಫ್ ರೇಗಿದರು. "ಪಾರ್ಕಿಂಗ್‌ನಲ್ಲಿ ತೆಗೆದ ವಿಡಿಯೋ ಆಗಲೇ ಕಾಪುವಿಗೆ ಬಂದಿದೆ. ಬೊಟ್ಟಿಟ್ಟವಳು ಯಾರ ಸೊಸೆ ಅಂತ ಜಮಾತಿನವರು ನನ್ನನ್ನು ಕೇಳುತ್ತಿದ್ದಾರೆ. ನಾಳೆ ನನಗೆ ಮಸೀದಿಯ ಮೆಟ್ಟಿಲು ಹತ್ತಬೇಕಾ ಬೇಡವಾ? ಹುಡುಗ ಥಿಯೇಟರಿನ ಮೆಟ್ಟಿಲಲ್ಲಿ ಜಾರಿ ಬಿದ್ದ. ಸಾಹೇಬರಿಗೆ ಅಷ್ಟು ಹೇಳು, ಮನೆಗೆ ಹೋಗುವ." ಜೇಬಿನಿಂದ ಕರವಸ್ತ್ರ ತೆಗೆದು ಅವಳ ಮುಂದೆ ಹಿಡಿದರು. "ಮೊದಲು ಅದನ್ನು ಒರೆಸು."

ಆಗಲೇ ಅವಳಿಗೆ ಹಣೆಯ ನೆನಪಾದದ್ದು. ಬೆವರಿಗೆ ಲಿಪ್‌ಸ್ಟಿಕ್ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಕಾವ್ಯ ಬೇಡ ಎಂದ ಹಾಗೆಯೇ, ಪತ್ರೊಡೆಯಾಗಿತ್ತು. ಈ ಠಾಣೆಯಲ್ಲಿ ಅವಳ ಗಂಡನ ಕೈ ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲರ ಕಣ್ಣೂ ಈ ಬೊಟ್ಟಿನ ಮೇಲೆಯೇ. ಒರೆಸಿದರೆ ತಪ್ಪು ತಿಳುವಳಿಕೆಯೂ ಹೋಯಿತು, ಕೈ ಮುರಿದವರೂ ಹೋದರು. ಉಳಿಯುವುದು ಜಾರಿ ಬಿದ್ದವನೊಬ್ಬ.

ಸಾಬಿತ್ ತಲೆ ಎತ್ತಿದ. ಅವಳ ಹಣೆಯನ್ನು ನೋಡಿದ.

"ಇವರು ಬಿದ್ದದ್ದಲ್ಲ ಸರ್," ಎಂದಳು ಜುವೈರಿಯಾ. "ಇವನು ಮುರಿದದ್ದು. ಇವನ ಜೊತೆಗಿದ್ದ ಮೂವರು ಹಿಡಿದುಕೊಂಡದ್ದು. ಬರೆಯಿರಿ."

"ಒರೆಸು ಅಂದೆ!" ಅಶ್ರಫರ ದನಿ ಠಾಣೆಯ ಹೊರಗೂ ಕೇಳಿಸಿತು.

ಅವಳು ರೈನ್‌ಕೋಟಿನ ಟೋಪಿಯನ್ನು ಹಣೆ ಪೂರಾ ಕಾಣುವಷ್ಟು ಹಿಂದಕ್ಕೆ ಸರಿಸಿ, ಗಂಡನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು.

"ಒರೆಸುವುದಿಲ್ಲ ಮಾಮ."