ಬಿಡು ಅನ್ನೂತನಕ

ನರ್ಮದಾ ತಾಡಪತ್ರಿಯ ತುದಿ ಹಿಡಿದು ಒಂದೇ ಸಲಕ್ಕೆ ಎಳೆದಳು. ಧೂಳು ಎದ್ದಿತು. ಒಂದು ಕಾಲಕ್ಕೆ ದನಗಳಿದ್ದ ಕೊಟ್ಟಿಗೆಯಲ್ಲಿ ಹಸಿರು ಬಣ್ಣದ ಹಳೆಯ ಜೀಪು ಮದುಮಗನಂತೆ ಮಿಂಚುತ್ತ ನಿಂತಿತ್ತು.

ಒಳಗೆ ಪಡಸಾಲೆಯಲ್ಲಿ ಅವಳ ಗಂಡ ನೀಲಕಂಠನನ್ನು ದರ್ಭೆಯ ಮೇಲೆ ಮಲಗಿಸಿದ್ದರು. ಬೆಳಿಗ್ಗೆ ಚಹಾ ಕುಡಿಯುತ್ತ ಕೂತವನು ಬಸಿಯನ್ನು ನೆಲಕ್ಕಿಟ್ಟು, ಗೋಡೆಗೆ ಒರಗಿ, ಹಾಗೇ ಹೋಗಿಬಿಟ್ಟಿದ್ದ. ಹೆಣದ ಮಗ್ಗುಲಲ್ಲಿ ಅಳುತ್ತ ಕೂಡಬೇಕಾದವಳು ಕೊಟ್ಟಿಗೆಯಲ್ಲಿ ನಿಂತದ್ದು ಕಂಡು ನೆರೆಮನೆಯ ಗುರುಬಸವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು.

ಮೈದುನ ಮುಕುಂದ ಫೋನು ಕಿವಿಗಿಟ್ಟುಕೊಂಡೇ ಓಡಿ ಬಂದ.

"ವೈನಿ, ಏನ್ ಮಾಡ್ಲಿಕ್ಹತ್ತೀರಿ? ರಾಮದುರ್ಗದಿಂದ ಗಾಡಿ ಹೇಳೀನಿ, ಇನ್ನೇನು ಬರ್ತದ."

"ಬ್ಯಾಡಂತ ಹೇಳಪಾ. ಗಾಡಿ ಮನ್ಯಾಗ ಅದ."

"ಇದಾ? ಇದಕ್ಕ ಬ್ರೇಕ್ ಇಲ್ಲ!"

"ಆಗ್ತದ. ಗ್ಯಾರೇಜಿನ ವಾಸೀಮಗ ಫೋನ್ ಮಾಡೀನಿ."

ಮುಕುಂದನ ಮುಖ ಸಪ್ಪಗಾಯಿತು. ತೊರಗಲ್ಲಿನ ಕೋಟೆಯೊಳಗಿನ ಆ ಓಣಿಯಿಂದ ಹೊಳೆದಂಡೆಯ ಸುಡುಗಾಡಿನವರೆಗೂ ಇಳಿಜಾರು. ಹೆಗಲು ಕೊಡುವವರೆಲ್ಲ ಮೊಣಕಾಲು ಹಿಡಿದುಕೊಂಡು ನಡೆಯುವ ವಯಸ್ಸಿನವರು, ಗಾಡಿ ಬೇಕೇ ಬೇಕು. ಆದರೆ ಮಕ್ಕಳಿಲ್ಲದ ಅಣ್ಣನಿಗೆ ಬೆಂಕಿ ಕೊಡಬೇಕಾದವನು ತಾನು. ಬೆಂಕಿಯ ಮಡಕೆ ಹಿಡಿದು ಗಾಡಿಯ ಮುಂದೆ ನಡೆಯಬೇಕು.

"ಅದು ನನ್ನ ಬೆನ್ನಿಗೇ ಬರ್ತದ, ವೈನಿ. ಬೆಂಕಿ ಹಿಡದಾಂವ ಹಿಂದ ತಿರಗಿ ನೋಡೂಹಂಗೂ ಇಲ್ಲ. ಅಣ್ಣನ ಜೋಡಿ ನನ್ನೂ ಕಳಸ್ತೀರೇನು?"

"ಸುಮ್ಮನಿರು. ನಿಂಗೇನೂ ಆಗೂದಿಲ್ಲ."

*

ನೀಲಕಂಠ ಯರಗಟ್ಟಿಯ ಪೋಸ್ಟಾಫೀಸಿನಲ್ಲಿ ಠಸ್ಸೆ ಹೊಡೆಯುತ್ತಲೇ ನಿವೃತ್ತನಾದವನು. ಅವನ ಕೈಯಿಂದ ಕಾಗದಗಳು ದೇಶದ ಮೂಲೆ ಮೂಲೆಗೆ ಹೋದವು. ಅವನು ಮಾತ್ರ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮನೆಗೆ ಬಂದ. ನಿವೃತ್ತಿಯಾದ ಮೇಲೆ, ಅಲ್ಲಿಯ ಯಾರದೋ ಹಿತ್ತಿಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಈ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ.

ಒಂದು ಸಾಮಾನು ಸಿಕ್ಕರೆ ಇನ್ನೊಂದು ಸಿಗದು. ಇಂಜಿನ್ನು ದಾರಿಗೆ ಬಂದಾಗ ಗೇರು ಮುನಿಸಿಕೊಂಡಿತು. ವರ್ಷಗಳು ಹೋದವು, ಜೀಪು ಅಂಗಳ ದಾಟಲಿಲ್ಲ. ಊರವರು 'ಏಕಾದಶಿ ಜೀಪು' ಎಂದು ಹೆಸರಿಟ್ಟರು. ಪೆಟ್ರೋಲು ಮುಟ್ಟುವುದಿಲ್ಲ, ಕೂತಲ್ಲಿಂದ ಏಳುವುದಿಲ್ಲ. ಮುಕುಂದನಂತೂ ಹೋದ ಯುಗಾದಿಯ ಪಂಕ್ತಿಯಲ್ಲಿ ಎಲ್ಲರೆದುರು, "ಅಣ್ಣಾ, ಇದು ಮನಿ ಹೊರಗ ಬೀಳೂದು ನೀ ಹೊರಗ ಬಿದ್ದ ದಿನಾನೇ" ಅಂದಿದ್ದ. ನೀಲಕಂಠ ಎಲೆಯ ಮುಂದೆ ಬಿದ್ದು ಬಿದ್ದು ನಕ್ಕ. ಬಡಿಸುತ್ತಿದ್ದ ನರ್ಮದಾ ನಗಲಿಲ್ಲ.

ಅವಳಿಗೂ ಆ ಜೀಪಿನಲ್ಲಿ ಒಂದು ಕೆಲಸವಿತ್ತು. ಬ್ರೇಕಿನ ಕೊಳವೆಯೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಅವನು ಗಾಲಿಯ ಹತ್ತಿರ ಅಂಗಾತ ಮಲಗಿ ಸಣ್ಣ ತಿರುಪು ಸಡಿಲಿಸುತ್ತಿದ್ದ, ಅವಳು ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ತುಳಿಯುತ್ತಿದ್ದಳು. "ಒತ್ತು. ಹಿಡಿ." ಎಣ್ಣೆಯ ಜೊತೆ ಗುಳ್ಳೆಗಳು ಹೊರಬಿದ್ದ ಮೇಲೆ ತಿರುಪು ಬಿಗಿದು, "ಬಿಡು."

ಒಮ್ಮೆ ಹಾಲು ಉಕ್ಕಿದ ವಾಸನೆಗೆ ನರ್ಮದಾ ಪಟ್ಟನೆ ಕಾಲು ಎತ್ತಿದಳು. ಗಾಳಿ ಮತ್ತೆ ಒಳಗೆ ಹೋಯಿತು. ಮುಂಜಾನೆಯ ಕೆಲಸವೆಲ್ಲ ನೀರುಪಾಲು.

"ಹಾಲು ಹೋದ್ರ ಹೋಗ್ಲಿ, ಮಾರಾಯ್ತಿ," ಅಂದ ನೀಲಕಂಠ ಜೀಪಿನ ಕೆಳಗಿನಿಂದ. "ಮನಿ ಬಿದ್ರೂ ಸೈ, ನಾ ಬಿಡು ಅನ್ನೂತನಕ ಬಿಡಬ್ಯಾಡ."

ನಿನ್ನೆ ಸಂಜೆ ಹೊಸ ಕೊಳವೆ ಕೂಡಿಸಿ, ಕೈ ಒರೆಸಿಕೊಳ್ಳುತ್ತ ಅಂದಿದ್ದ: "ನಾಳೆ ಗಾಳಿ ತಗದ್ರ ಮುಗೀತು. ಹೊಳಿತನಕ ಹೋಗಿ ಬರೋಣು. ನೀ ನನ್ನ ಬಾಜೂಕ ಕೂಡು." ಅದಕ್ಕೆಂದೇ ಆ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದ.

*

ವಾಸೀಮ್ ಯರಗಟ್ಟಿಯಿಂದ ಮೋಟಾರ್‌ಸೈಕಲ್ ಮೇಲೆ ಬಂದವನು ಮೊದಲು ನೀಲಕಂಠನ ಕಾಲ ಬಳಿ ನಿಂತು ಕಣ್ಣು ಒರೆಸಿಕೊಂಡ. ಅವನ ಗ್ಯಾರೇಜಿನಲ್ಲೇ ನೀಲಕಂಠ ಪಾನಾ ಹಿಡಿಯುವುದನ್ನು ಕಲಿತಿದ್ದ. ಆಮೇಲೆ ವಾಸೀಮ್ ಕೊಟ್ಟಿಗೆಗೆ ಬಂದು ಜೀಪಿನ ಕೆಳಗೆ ನುಸುಳಿದ.

"ಪೆಡಲ್ ಒತ್ತಾಕ ಯಾರರೆ ಬರ್ರಿ."

ನರ್ಮದಾ ಸೆರಗು ಸೊಂಟಕ್ಕೆ ಸಿಗಿಸಿ ಜೀಪು ಹತ್ತಿದಳು.

"ವೈನಿ, ಹೆಣ ಮನ್ಯಾಗ ಇಟಗೊಂಡು... ಮಂದಿ ಏನಂದಾರು?"

"ಮಂದಿ ಭಾಳ ವರ್ಷದಿಂದ ಅನ್ಲಿಕ್ಹತ್ಯಾರ. ಇವತ್ತೊಂದಿನ ನೋಡ್ಲಿ."

ಮುಕುಂದ ಹತ್ತಿರ ಬಂದು ದನಿ ತಗ್ಗಿಸಿದ. "ಯುಗಾದಿಗೆ ನಾ ಅಂದದ್ದು ನೆನಪದ ಏನು? ಅದಕ್ಕೇ ಬ್ಯಾಡ ಅಂತೀನಿ. ನನ್ನ ನಾಲಗೀಗೆ ಬೆಂಕಿ ಹತ್ತಲಿ."

ಅವಳಿಗೆ ಅವನ ಮೇಲೆ ಇಷ್ಟು ದಿನ ಇದ್ದ ಸಿಟ್ಟು ಇಳಿದುಹೋಯಿತು. "ನಿಮ್ಮಣ್ಣ ನಕ್ಕಿದ್ದರು. ನೀ ಯಾಕ ಹೊತಗೊಂಡು ತಿರಗತಿ? ಹಿಂದ ಹೋಗಿ ನಿಂದರು, ಕೆಂಪು ದೀಪ ಹತ್ತತದೇನು ನೋಡು."

"ಒತ್ತರಿ, ಬಾಯಾರ," ಎಂದ ವಾಸೀಮ್ ಕೆಳಗಿನಿಂದ.

ಒತ್ತಿದಳು. ಕಾಲು ಸರ್ರನೆ ನೆಲ ಮುಟ್ಟಿತು.

"ಹತ್ತೇದ," ಎಂದ ಮುಕುಂದ ಹಿಂದಿನಿಂದ.

"ಹಂಗ ಹಿಡೀರಿ... ಹಾಂ, ಬಿಡ್ರಿ."

ಒಂದೊಂದೇ ಗಾಲಿ ಮುಗಿಸಿದರು. ಎದುರಿನ ಬಾಗಿಲಲ್ಲಿ ಗಂಡನ ಪಾದಗಳು ಕಾಣುತ್ತಿದ್ದವು, ಹೆಬ್ಬೆರಳುಗಳನ್ನು ಕೂಡಿಸಿ ಕಟ್ಟಿದ್ದರು. ಅವಳು ಅತ್ತಲೇ ನೋಡುತ್ತ ಕೂತಳು. ಕಾಲು ಮಾತ್ರ ಅಲುಗಲಿಲ್ಲ. ಕೊನೆಯ ಗಾಲಿಯ ಹೊತ್ತಿಗೆ ಪೆಡಲ್ ಅರ್ಧಕ್ಕೇ ಕಲ್ಲಿನಂತೆ ನಿಂತಿತು.

"ಬ್ರೇಕ್ ಆತ್ರಿ," ಎಂದು ವಾಸೀಮ್ ಹೊರಗೆ ಬಂದ. "ಹೊಳಿಮಟಾ ನಾ ಹೊಡಕೊಂಡು ಹೋಗತೇನಿ."

*

ಜೀಪಿನ ಹಿಂದಿನ ಹಲಗೆ ಇಳಿಸಿ ಚಟ್ಟ ಇಟ್ಟರು. ತುದಿ ಒಂದು ಮೊಳ ಹೊರಗೆ ಚಾಚಿತು. ಮೊಣಕಾಲು ನೋವಿನ ಮುದುಕರೊಬ್ಬರು ಡ್ರೈವರ್ ಪಕ್ಕದ ಸೀಟಿಗೆ ಕೈ ಹಾಕಿದರು.

"ಅಲ್ಲೆ ಯಾರೂ ಕೂಡಬ್ಯಾಡ್ರಿ," ಅಂದಳು ನರ್ಮದಾ.

ಅವರ ಮನೆತನದಲ್ಲಿ ಹೆಂಗಸರು ಹೆಣದ ಹಿಂದೆ ಹೊಳೆಗೆ ಹೋಗುವುದಿಲ್ಲ. ಅವಳು ಬಾಗಿಲಲ್ಲೇ ನಿಂತಳು. ಇಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮುಂದೆ ಬೆಂಕಿಯ ಮಡಕೆ ಹಿಡಿದ ಮುಕುಂದ, ಅವನ ಬೆನ್ನಿಗೆ ಏಕಾದಶಿ ಜೀಪು. ಓಣಿಯವರೆಲ್ಲ ಕಟ್ಟೆಯ ಮೇಲೆ ಎದ್ದು ನಿಂತು ನೋಡಿದರು. ಯಾರೂ ನಗಲಿಲ್ಲ.

"ನಡೀತಲ್ಲವ್ವಾ!" ಎಂದಳು ಗುರುಬಸವ್ವ, ಅಳುತ್ತ.

ಇಳಿಜಾರು ಕಡಿದಾಗುವಲ್ಲಿ, ಹೊಳೆಯಿಂದ ಮೇಲೇರುತ್ತಿದ್ದ ಎಮ್ಮೆಗಳು ಒಮ್ಮೆಲೇ ದಾರಿಗೆ ಅಡ್ಡ ಬಂದವು. ಮುಕುಂದ ಗಕ್ಕನೆ ನಿಂತ. ಜೀಪು ಅವನ ಬೆನ್ನ ಮೇಲೆಯೇ ಇಳಿಯುತ್ತಿತ್ತು.

ಬಾಗಿಲಲ್ಲಿ ನರ್ಮದಾ ಬಲಗಾಲು ಮುಂದಿಟ್ಟು ನೆಲ ಒತ್ತಿದಳು.

ಕೆಳಗೆ ಕೆಂಪು ದೀಪ ಹೊತ್ತಿತು. ಮುಕುಂದನ ಬೆನ್ನಿಗೆ ಒಂದು ಮಾರು ದೂರದಲ್ಲಿ ಜೀಪು ನಿಂತಿತು. ಅವನು ತಿರುಗಿ ನೋಡಲಿಲ್ಲ. ಎಮ್ಮೆಗಳು ಸಾವಕಾಶವಾಗಿ ದಾಟಿದವು. ದೀಪ ಆರಿತು, ಜೀಪು ಮತ್ತೆ ಹೊಳೆಯ ಕಡೆ ಇಳಿದು, ತಿರುವಿನಲ್ಲಿ ಮರೆಯಾಯಿತು.

"ಒಳಗ ನಡೀರಿ ಅಕ್ಕಾರ, ನೀರ ಹಾಕೋಬೇಕು," ಎಂದು ಗುರುಬಸವ್ವ ತೋಳು ಹಿಡಿದಳು.

ನರ್ಮದಾಳ ಹೆಬ್ಬೆರಳು ಧೂಳಿನಲ್ಲಿ ಹೂತಿತ್ತು. ಅವಳು ಕಾಲು ಎತ್ತಲಿಲ್ಲ. ಬಿಡು ಎಂದು ಇನ್ನೂ ಯಾರೂ ಹೇಳಿರಲಿಲ್ಲ.