ಎರೆದು ಕಳಿಸಿದ ಕೂಸು

ನನ್ನ ಬಾಯಿ ಒಳ್ಳೆಯದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರೂ ಊರಿನ ಖಾಸಗಿ ಆಸ್ಪತ್ರೆಗಳಲ್ಲಿ ಆಪರೇಷನ್ ಇದ್ದರೆ ಅರಿವಳಿಕೆ ಕೊಡಲು ನನ್ನನ್ನೇ ಕರೆಯುತ್ತಾರೆ. ಸಾಮಾನೆಲ್ಲ ಕಾರಿನ ಡಿಕ್ಕಿಯಲ್ಲಿರುತ್ತದೆ. "ಸುರೇಖಾ ಮೇಡಂ ಬಂದ್ರು" ಎಂದರೆ ಸಾಕು, ಸಿಸ್ಟರ್‌ಗಳು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಬೈಯದಿದ್ದರೆ ಕೆಲಸ ಆಗುವುದಿಲ್ಲ, ಏನು ಮಾಡಲಿ?

ಜವಳಗೇರಾದ ಅಮರಮ್ಮನಿಗೂ ಬೈದಿದ್ದೆ. ಅವಳ ಮೊಮ್ಮಗ ಅಮರೇಶನಿಗೆ ಹುಟ್ಟುವಾಗಲೇ ಅಂಗುಳ ಸೀಳಿತ್ತು, ಕೆಳದವಡೆ ತೀರ ಚಿಕ್ಕದು. ಅಂಥ ಕೂಸಿಗೆ ಎದೆಹಾಲು ಚೀಪಲು ಬರುವುದಿಲ್ಲ. ಅಮರಮ್ಮ ಸೊಸೆಯ ಹಾಲು ಹಿಂಡಿಸಿ, ಒಳಲೆಯಲ್ಲಿ ತುಸುತುಸುವೇ ಕುಡಿಸಿ ಅವನನ್ನು ಉಳಿಸಿಕೊಂಡಿದ್ದಳು. ಬೇಗ ಆಪರೇಷನ್ ಮಾಡಿರೆಂದು ಹಟ ಹಿಡಿದಾಗ, "ತೂಕ ಬರ್ಲಿ ತಡಿ ಬೇ ಯವ್ವಾ, ಅವಸರ ಮಾಡಿ ಕೂಸಿನ ಉಸುರು ಕಳೀತಿಯೇನು?" ಎಂದು ಗದರಿ ಕಳಿಸಿದ್ದೆ. ಅವಳು ನಕ್ಕು, "ಡಾಕ್ಟರಮ್ಮ ಖಾರ ಅದಾಳ, ಆದ್ರ ನಮ್ಮಾಕಿ" ಎಂದಿದ್ದಳು.

ದವಡೆ ಚಿಕ್ಕದಿದ್ದರೆ ನಮ್ಮ ಕೆಲಸ ಕಠಿಣ. ಅರಿವಳಿಕೆ ಹತ್ತಿದೊಡನೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ, ನಳಿಗೆ ಹಾಕೋಣವೆಂದರೆ ಗಂಟಲಿನ ದಾರಿಯೇ ಕಾಣುವುದಿಲ್ಲ. ತೂಕ ಬಂದ ಮೇಲೂ, ದೊಡ್ಡ ಊರಿಗೆ ಒಯ್ಯಿರಿ ಎಂದು ಪರಿಪರಿಯಾಗಿ ಹೇಳಿದೆ. "ನಿಮ್ಮ ಕೈಯಾಗೇ ಆಗ್ಲಿರಿ" ಎಂದು ಕೂತುಬಿಟ್ಟರು. ಕೊನೆಗೆ ಬಳ್ಳಾರಿಯಿಂದ ಸರ್ಜನ್ ಪಂಪಾಪತಿ ಸಿಂಧನೂರಿಗೆ ಬರುವುದೆಂದಾಯಿತು. ಇನ್ನೆರಡು ಕೈ ಬೇಕೆಂದು ಅರಿವಳಿಕೆಯ ಡಾಕ್ಟರೇ ಆದ ಇಲಿಯಾಸ್‌ನನ್ನೂ ಕರೆಸಿದೆ.

ಆ ಮುಂಜಾನೆ ಕೂಸು ಹಣೆಗೆ ಕಾಡಿಗೆ ಬೊಟ್ಟು ಇಟ್ಟುಕೊಂಡು ಸೋಪಿನ ವಾಸನೆ ಸೂಸುತ್ತಿತ್ತು.

"ಏನರ ಕುಡಿಸೀರೇನು?"

"ನಿಮ್ಮಾಣಿ ರೀ, ಹಾಲಿಲ್ಲ, ನೀರಿಲ್ಲ. ಅತ್ತು ಅತ್ತು ಸೊರಗ್ಯಾನ" ಎಂದಳು ಅಮರಮ್ಮ.

ಅವಳ ಮಾತು ನಿಜವೇ ಆಗಿತ್ತು. ಸಿಸ್ಟರ್ ಎತ್ತಿಕೊಂಡರೂ ಕೂಸು ನನ್ನ ಬೆರಳು ಹಿಡಿದುಕೊಂಡೇ ಒಳಗೆ ಬಂತು.

ತಾನೇ ಉಸಿರಾಡುತ್ತಿರಲಿ ಎಂದು ಮತ್ತಿನ ಗಾಳಿಯನ್ನು ನಿಧಾನಕ್ಕೆ ಕೊಟ್ಟೆ. ಚೆನ್ನಾಗಿಯೇ ಮಲಗಿತು. ದೀಪ ಹಿಡಿದು ಬಾಯೊಳಗೆ ನೋಡಿದರೆ ಗಂಟಲ ತುಂಬ ಏನೋ ಹೊಳೆಯುತ್ತಿತ್ತು. ಎಣ್ಣೆ! "ಸಕ್ಷನ್ ಕೊಡ್ರಿ" ಎಂದು ಕೂಗುವಷ್ಟರಲ್ಲಿ ಅದು ಉಸಿರುನಾಳದ ಬಾಯಿಗೆ ಇಳಿದು, ಬಾಗಿಲು ಹಾಕಿಕೊಂಡಂತೆ ಗಂಟಲು ಬಿಗಿದುಕೊಂಡಿತು. ಇಲಿಯಾಸ್ ದವಡೆ ಎತ್ತಿ ಹಿಡಿದ. ಇಂಜೆಕ್ಷನ್ ಕೊಟ್ಟೆ, ನಳಿಗೆ ಹಾಕಿ ನೋಡಿದೆ, ಮತ್ತೆ ಹಾಕಿ ನೋಡಿದೆ. ತುಟಿ ನೀಲಿಯಾಯಿತು. ಪಂಪಾಪತಿ ಕುತ್ತಿಗೆ ಕೊಯ್ದು ದಾರಿ ಮಾಡುವಷ್ಟರಲ್ಲಿ ಹೃದಯ ನಿಂತಿತ್ತು. ನಾನು ಎರಡು ಹೆಬ್ಬೆರಳಿನಿಂದ ಆ ಪುಟ್ಟ ಎದೆ ಒತ್ತುತ್ತಲೇ ಇದ್ದೆ. ಬಹಳ ಹೊತ್ತಾದ ಮೇಲೆ ಇಲಿಯಾಸ್ ನನ್ನ ಕೈ ಹಿಡಿದು ನಿಲ್ಲಿಸಿದ.

ಮೂವರೂ ಹೊರಗೆ ಬಂದೆವು. ಕೂಸಿನ ತಂದೆ ವೀರೇಶ ಭತ್ತದ ಲಾರಿ ಹೊಡೆಯುವವನು, ಇನ್ನೂ ದಾರಿಯಲ್ಲಿದ್ದ. ಅತ್ತೆ ಸೊಸೆ ಇಬ್ಬರೇ ಇದ್ದರು. ಹೇಳಬೇಕಾದ್ದನ್ನು ಹೇಳಿದೆ. ಸೊಸೆ ಜಯಶ್ರೀ ಕುಕ್ಕರಿಸಿದಳು. ಅಮರಮ್ಮ ಎದೆ ಎದೆ ಬಡಿದುಕೊಂಡಳು.

"ಚಂದಗೆ ಎರದು ಕಳಿಸಿದ್ನಲ್ಲೋ ನನ ಕಂದಾ! ದೊಡ್ಡ ಡಾಕ್ಟರ ಮುಂದ ಮೂಗು ಕಟ್ಟಿರಬಾರದಂತ ಮೂಗಿಗಿ ಎಣ್ಣಿ ಬಿಟ್ಟು ಎರದಿದ್ನಲ್ಲೋ!"

ನಮ್ಮ ಕಡೆ ಕೂಸುಗಳಿಗೆ ನೀರು ಎರೆಯುವಾಗ ಮೂಗಿಗೆ ಎಣ್ಣೆ ಬಿಡುತ್ತಾರೆ. ಬೇರೆ ಕೂಸುಗಳು ಸೀನಿ ಸುಮ್ಮನಾಗುತ್ತವೆ. ಅಂಗುಳ ಸೀಳಿದ ಇವನಿಗೆ ಮೂಗೂ ಬಾಯಿಯೂ ಒಂದೇ, ಮೂಗಿಗೆ ಬಿಟ್ಟದ್ದು ನೇರ ಗಂಟಲಿಗಿಳಿದು ಅಲ್ಲೇ ನಿಂತಿತ್ತು. ಏನೂ ಕುಡಿಸಬೇಡಿ ಎಂದರೆ ಎಣ್ಣೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

"ಅಮ್ಮಾ, ಆ ಎಣ್ಣೆ..." ಎಂದು ಪಂಪಾಪತಿ ಬಾಯಿ ತೆರೆದರು. ಜಯಶ್ರೀ ದಡಕ್ಕನೆ ಎದ್ದು ಅವರ ಮುಂದೆ ಕೈ ಅಡ್ಡ ಹಿಡಿದಳು. ನನ್ನನ್ನು ಮೂಲೆಗೆ ಎಳೆದುಕೊಂಡು ಹೋದಳು.

"ನನಗ ತಿಳೀತ್ರಿ ಮೇಡಂ. ಅತ್ತಿಗಿ ಹೇಳಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೀನಿ. ಆ ಕೂಸಿನ್ನ ತನ್ನ ತೊಡಿಮ್ಯಾಲೆ ಇಟಗೊಂಡು ಜ್ವಾಪಾನ ಮಾಡ್ಯಾಳ. ತಿಳದ್ರ ಕಾಲುವಿಗಿ ಹಾರಿ ಜೀವಾ ಕಳಕೊಂತಾಳ್ರಿ. ಕೂಸಂತೂ ಹೋತು. ಅತ್ತಿನೂ ಹೋಗಬೇಕೇನ್ರಿ?"

ನಾನೇನು ದೇವರಲ್ಲ. ಸಿಟ್ಟೇ ಬಂತು. ನಾಳೆ ಮೂರೂ ಊರಲ್ಲಿ ನನ್ನ ಹೆಸರು ಎತ್ತಿ ಉಗುಳುತ್ತಾರೆ, ಮತ್ತೆ ಯಾವ ತಾಯಿ ನನ್ನ ಕೈಗೆ ಕೂಸು ಕೊಡುತ್ತಾಳೆ? ಕಿರುಚಿ ಹೇಳಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅಮರಮ್ಮನೇ ಬಂದು ನನ್ನ ಕೊರಳಪಟ್ಟಿ ಹಿಡಿದಳು.

"ನಿನ್ನ ನಂಬಿ ಕೊಟ್ಟಿದ್ನಲ್ಲ ಬೇ! ಏನ್ ಮಾಡಿದಿ? ನನ್ನ ಕೂಸಿಗಿ ಏನ್ ಮಾಡಿದಿ ಹೇಳು!"

ಅವಳ ಹಿಂದೆ ಜಯಶ್ರೀ ನನ್ನನ್ನೇ ನೋಡುತ್ತಿದ್ದಳು.

"ಉಸುರು ಹಿಡಿಯಾಕ ನನಗ ಆಗಲಿಲ್ಲ ಯವ್ವಾ" ಎಂದೆ. "ನನ್ನ ಕೈಯಾಗೇ ಹೋತು."

ಅಮರಮ್ಮ ಕೆನ್ನೆಗೆ ಹೊಡೆದಳು. ಇಲಿಯಾಸ್ ಮುಂದೆ ಬಂದ, ಬೇಡವೆಂದು ಕೈಮಾಡಿದೆ. ಅವಳು ಮತ್ತೆ ಹೊಡೆದಳು. ಹೆತ್ತವಳು ಅತ್ತೆಯನ್ನು ಹಿಂದಿನಿಂದ ತಬ್ಬಿ ಹಿಡಿದು ಹೇಳುತ್ತಿದ್ದಳು, "ಸಾಕ್ರಿ ಅತ್ತಿ, ಬರ್ರಿ. ಕೂಸಿನ್ನ ತಗೊಂಡು ಮನಿಗಿ ಹೋಗೋಣು."